ನಾಲ್ಕೇ ಸ್ಥಾನಗಳ ಅಕಾಡೆಮಿಯಲ್ಲಿ ಒಬ್ಬ ಗುರು: ಅದೆಲಾಯ್ದ್ ಲಬೀಯ್-ಗಿಯಾರ್ ಕುರಿತು ಚರ್ಚೆ

ಪಟದರ್ಶಿ:
ಎಲ್ಲರಿಗೂ ನಮಸ್ಕಾರ. ಹದಿನೆಂಟನೆಯ ಶತಮಾನದ ಫ್ರಾನ್ಸಿನ ಕಲಾವಿದೆಯರ ಮಾತು ಬಂದಾಗಲೆಲ್ಲ ರಾಣಿ ಮರಿ ಆಂಟೊನೆಟ್‌ಳ ಭಾವಚಿತ್ರಗಳನ್ನು ಬರೆದ ಎಲಿಜಬೆತ್ ವಿಜೇ ಲ ಬ್ರನ್ ಅವರ ಹೆಸರೇ ಮೊದಲು ಬರುತ್ತದೆ. ಅವರೊಡನೆ ಒಂದೇ ದಿನ, 1783ರ ಮೇ 31ರಂದು, ಚಿತ್ರಕಲೆ ಮತ್ತು ಶಿಲ್ಪಕಲೆಯ ಸಂಸ್ಥೆಯಾದ ಪ್ಯಾರಿಸ್ಸಿನ ರಾಯಲ್ ಅಕಾಡೆಮಿಗೆ ಸದಸ್ಯೆಯಾಗಿ ಸೇರಿದ ಇನ್ನೊಬ್ಬರಿದ್ದರು: ಅದೆಲಾಯ್ದ್ ಲಬೀಯ್-ಗಿಯಾರ್. ಅವರನ್ನು ಮೊದಲು ಗುರುವಾಗಿ, ಆಮೇಲೆ ಚಿತ್ರಕಾರ್ತಿಯಾಗಿ ನೋಡಬೇಕೆಂಬುದು ನನ್ನ ಅಭಿಪ್ರಾಯ. ಅದನ್ನು ಇಲ್ಲಿ ಚರ್ಚೆಗಿಡುತ್ತಿದ್ದೇನೆ.

ಅವರು ಹುಟ್ಟಿದ್ದು 1749ರಲ್ಲಿ, ಪ್ಯಾರಿಸ್ಸಿನಲ್ಲಿ. ತಂದೆ ಕ್ಲೋದ್-ಎದ್ಮ್ ಲಬೀಯ್ ಅವರದು ಹೆಂಗಸರ ಉಡುಗೆ, ರಿಬ್ಬನ್ನು ಮತ್ತು ಅಲಂಕಾರದ ಸಾಮಗ್ರಿಗಳ ಅಂಗಡಿ. ಮುಂದೆ ಹದಿನೈದನೆಯ ಲೂಯಿಯ ಪ್ರೇಯಸಿಯಾಗಿ ಮದಾಂ ದು ಬಾರಿ ಎಂದು ಹೆಸರಾದ ಜಾನ್ ಬೆಕ್ಯೂ ಒಂದು ಕಾಲದಲ್ಲಿ ಅದೇ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಚಿತ್ರಕಾರರ ಮನೆತನದಲ್ಲಿ ಹುಟ್ಟದ ಹುಡುಗಿಗೆ ಆ ಕಾಲದಲ್ಲಿ ಚಿತ್ರಕಲೆಯ ಶಿಕ್ಷಣ ಸುಲಭವಾಗಿ ದಕ್ಕುತ್ತಿರಲಿಲ್ಲ. ಅಕಾಡೆಮಿಯ ಶಾಲೆಗೆ ಹುಡುಗಿಯರಿಗೆ ಪ್ರವೇಶವಿರಲಿಲ್ಲ, ನಗ್ನ ರೂಪದರ್ಶಿಯನ್ನು ನೋಡಿ ಅಭ್ಯಾಸ ಮಾಡುವ ಅವಕಾಶವಿರಲಿಲ್ಲ, ರೋಮಿಗೆ ಕಳುಹಿಸುವ ಬಹುಮಾನಕ್ಕೆ ಸ್ಪರ್ಧಿಸುವ ಹಕ್ಕಂತೂ ಇರಲೇ ಇಲ್ಲ. ಹಾಗಾಗಿ ಅವರು ಒಬ್ಬೊಬ್ಬ ಗುರುವಿನಿಂದ ಒಂದೊಂದು ಮಾಧ್ಯಮವನ್ನು ಕಲಿಯುತ್ತ ಹೋದರು. ನೆರೆಯ ಫ್ರಾಂಸ್ವಾ-ಎಲೀ ವ್ಯಾನ್ಸಾಂ ಅವರಿಂದ ಅಂಗೈಯಗಲದ ಕಿರುಭಾವಚಿತ್ರ, ಆ ಕಾಲದ ಪೇಸ್ಟಲ್ ಚಿತ್ರಕಾರರಲ್ಲಿ ಅಗ್ರಗಣ್ಯರಾದ ಮೋರಿಸ್ ಕಾಂತ್ಯಾಂ ದ ಲಾ ತೂರ್ ಅವರಿಂದ ಪೇಸ್ಟಲ್, ಕೊನೆಗೆ ಆ ಮೊದಲ ಗುರುವಿನ ಮಗ, ರೋಮಿನಲ್ಲಿ ಓದಿ ಬಂದ ಫ್ರಾಂಸ್ವಾ-ಆಂದ್ರೆ ವ್ಯಾನ್ಸಾಂ ಅವರಿಂದ ತೈಲವರ್ಣ.

1769ರಲ್ಲಿ ಲೂಯಿ-ನಿಕೊಲಾ ಗಿಯಾರ್ ಎಂಬವರೊಂದಿಗೆ ಮದುವೆಯಾಯಿತು. ಕೆಲವು ವರ್ಷಗಳಲ್ಲೇ ಅವರು ಬೇರೆಯಾದರು. ಮಕ್ಕಳಿರಲಿಲ್ಲ. ತಮ್ಮ ಜೀವನೋಪಾಯವನ್ನು ತಾವೇ ನೋಡಿಕೊಳ್ಳಬೇಕಾದ ಆ ಹೆಂಗಸಿಗೆ ಶಿಷ್ಯೆಯರಿಗೆ ಪಾಠ ಹೇಳುವುದು ಆದಾಯದ ದಾರಿಯೂ ಆಗಿತ್ತೆಂಬುದನ್ನು ಮರೆಯಬಾರದು. ಆದರೆ ಆದಾಯಕ್ಕಾಗಿ ಮಾತ್ರ ಕಲಿಸುವವರು ತಮ್ಮ ಶಿಷ್ಯೆಯರನ್ನು ಆ ಕಾಲದ ಅತಿ ದೊಡ್ಡ ಪ್ರದರ್ಶನದ ಗೋಡೆಗೆ ಏರಿಸುವುದಿಲ್ಲ. 1785ರಲ್ಲಿ ಲೂವ್ರ್ ಅರಮನೆಯಲ್ಲಿ ನಡೆದ ಅಕಾಡೆಮಿಯ ಪ್ರದರ್ಶನವಾದ ಸಲೋನ್‌ನಲ್ಲಿ ಅವರು ಇಟ್ಟ ಸ್ವಚಿತ್ರದಲ್ಲಿ ಅವರೊಬ್ಬರೇ ಇಲ್ಲ. ಇಬ್ಬರು ಶಿಷ್ಯೆಯರು ಕುರ್ಚಿಯ ಹಿಂದೆ ನಿಂತಿದ್ದಾರೆ. ಒಬ್ಬರು ಮರಿ ಗಾಬ್ರಿಯೆಲ್ ಕಾಪೆ, ಇನ್ನೊಬ್ಬರು ಮರಿ ಮಾರ್ಗರಿತ್ ಕಾರೊ ದ ರೋಜ್‌ಮೋಂ. ಸುಮಾರು 211 ಸೆಂ.ಮೀ. ಎತ್ತರ, 151 ಸೆಂ.ಮೀ. ಅಗಲದ, ಆಳೆತ್ತರವನ್ನೂ ಮೀರುವ ಈ ತೈಲಚಿತ್ರ ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ.

ಆ ಚಿತ್ರವನ್ನು ನಾನು ಒಂದು ಮನವಿಪತ್ರವೆಂದು ಓದುತ್ತೇನೆ. ಅಕಾಡೆಮಿಯಲ್ಲಿ ಹೆಂಗಸರು ನಾಲ್ವರಿಗಿಂತ ಹೆಚ್ಚು ಇರಕೂಡದೆಂಬ ಮಿತಿಯಿತ್ತು. ಮರಿ-ತೆರೇಜ್ ರೆಬೂಲ್ ವಿಯಾಂ ಮತ್ತು ಆನ್ ವಲಾಯೆ-ಕೊಸ್ಟೆರ್ ಮೊದಲೇ ಒಳಗಿದ್ದರು. 1783ರಲ್ಲಿ ಇವರಿಬ್ಬರು ಸೇರುವುದರೊಂದಿಗೆ ಲೆಕ್ಕ ತುಂಬಿತು. ಅಂದರೆ ಲಬೀಯ್-ಗಿಯಾರ್ ಒಳಗೆ ಕಾಲಿಟ್ಟ ಗಳಿಗೆಯಲ್ಲೇ ಅವರ ಶಿಷ್ಯೆಯರ ಪಾಲಿನ ಬಾಗಿಲು ಮುಚ್ಚಿತು. ಎರಡು ವರ್ಷಗಳ ನಂತರ ಅದೇ ಶಿಷ್ಯೆಯರನ್ನು ಅವರು ಕ್ಯಾನ್ವಾಸಿನ ಮೂಲಕ ಅಕಾಡೆಮಿಯ ಪ್ರದರ್ಶನದೊಳಕ್ಕೆ ಕರೆತಂದರು. ತಿಳಿದವರ ಅಭಿಪ್ರಾಯಕ್ಕೆ ಕಾಯುತ್ತೇನೆ.

ಮಲಪ್ರಭೆಯ ದಂಡೆ:
ಪಟದರ್ಶಿಯವರೇ, ಬರಹ ಚೆನ್ನಾಗಿದೆ. ಆದರೆ ಆ ಚಿತ್ರದ ನಿಮ್ಮ ಓದಿನಲ್ಲಿ ನನಗೆ ಸಂದೇಹವಿದೆ. ಕೆಲಸದ ಕೊಠಡಿಯಲ್ಲಿ ಕುಳಿತ ಚಿತ್ರಕಾರ್ತಿ ಮೈತುಂಬ ನೀಲಿ ಸ್ಯಾಟಿನ್ ಉಟ್ಟು, ಅಲಂಕರಿಸಿದ ಹುಲ್ಲಿನ ಟೋಪಿ ಇಟ್ಟು ಬಣ್ಣ ಹಚ್ಚುತ್ತಿರಲಿಲ್ಲವೆಂಬುದು ಸ್ಪಷ್ಟ. ಸಿರಿವಂತರಿಂದ ಭಾವಚಿತ್ರದ ಕೆಲಸ ಗಿಟ್ಟಿಸಲು, ರೇಷ್ಮೆಯ ಹೊಳಪನ್ನು ನಾನು ಹೀಗೆ ಬರೆಯಬಲ್ಲೆ ಎಂದು ತೋರಿಸಲು ಬರೆದ ಚಿತ್ರ ಅದು ಎಂದೇ ನನ್ನ ಅನಿಸಿಕೆ. ಶಿಷ್ಯೆಯರು ಅಲ್ಲಿರುವುದೂ ಗುರುವಿನ ಪ್ರತಿಷ್ಠೆ ಹೆಚ್ಚಿಸಲಿಕ್ಕೆ. ಅದನ್ನು ಮನವಿಪತ್ರ ಎನ್ನುವುದು ಇಂದಿನ ನಮ್ಮ ಆಸೆಯನ್ನು ಅಂದಿನವರ ಮೇಲೆ ಹೊರಿಸಿದಂತೆ ಆಗುವುದಿಲ್ಲವೇ?

ಬಣ್ಣದ ಕಡ್ಡಿ:
ನಾನು ಪೇಸ್ಟಲ್‌ನಲ್ಲಿ ಭಾವಚಿತ್ರ ಬರೆಯುವವಳು, ಹಾಗಾಗಿ ಅವರ ಆರಂಭದ ಕೆಲಸದ ಬಗ್ಗೆ ಒಂದೆರಡು ಮಾತು ಹೇಳುತ್ತೇನೆ. ಪೇಸ್ಟಲ್ ಎಂದರೆ ಬಣ್ಣದ ಪುಡಿಗೆ ಅತ್ಯಲ್ಪ ಅಂಟು ಸೇರಿಸಿ ಮಾಡಿದ ಕಡ್ಡಿ. ಎಣ್ಣೆಯ ವಾಸನೆ ಇಲ್ಲ, ಒಣಗಲು ದಿನಗಟ್ಟಲೆ ಕಾಯಬೇಕಿಲ್ಲ, ಎದುರು ಕುಳಿತವರನ್ನು ಬಹಳ ಸಲ ಕರೆಸಬೇಕಿಲ್ಲ, ದೊಡ್ಡ ಕೆಲಸದ ಕೊಠಡಿಯೂ ಬೇಕಿಲ್ಲ. ಮನೆಯಲ್ಲೇ ಕುಳಿತು ಬರೆಯಬೇಕಾಗಿದ್ದ ಹೆಂಗಸರು ಈ ಮಾಧ್ಯಮವನ್ನು ಹಿಡಿದದ್ದಕ್ಕೆ ಇವೆಲ್ಲ ಕಾರಣ. ಆದರೆ ಪುಡಿ ಕಾಗದದ ಮೇಲೆ ಸುಮ್ಮನೆ ಕೂತಿರುತ್ತದೆ. ಗಾಜಿನ ಹಿಂದೆ ಇಡದಿದ್ದರೆ ತೋಳು ತಗುಲಿದರೂ ಮುಖ ಅಳಿಸಿಹೋಗುತ್ತದೆ. ತಪ್ಪನ್ನು ಉಜ್ಜಿ ತಿದ್ದುತ್ತ ಹೋದರೆ ಬಣ್ಣ ಮಂಕಾಗುತ್ತದೆ. ಆದ್ದರಿಂದ ಕಣ್ಣು ಮತ್ತು ಕೈ ಎರಡೂ ಮೊದಲ ಸಲಕ್ಕೇ ನಿಖರವಾಗಿರಬೇಕು.

ಈ ನಿಖರತೆಯನ್ನು ಅವರು ಬಳಸಿಕೊಂಡ ರೀತಿ ಗಮನಾರ್ಹ. ಆಗಿನ ಕಾಲದಲ್ಲಿ ಹೆಂಗಸೊಬ್ಬಳು ಚೆನ್ನಾಗಿ ಬರೆದರೆ ಅದರ ಹಿಂದೆ ಗಂಡಸಿನ ಕೈಯಿದೆ ಎನ್ನುವುದು ವಾಡಿಕೆ. ಲಬೀಯ್-ಗಿಯಾರ್ ಅವರ ಚಿತ್ರಗಳನ್ನು ತೈಲವರ್ಣ ಕಲಿಸಿದ ಕಿರಿಯ ವ್ಯಾನ್ಸಾಂ ತಿದ್ದಿಕೊಡುತ್ತಾರೆಂಬ ಮಾತು ಹಬ್ಬಿತು. ಅದಕ್ಕೆ ಅವರು ಬಾಯಿಂದ ಉತ್ತರ ಕೊಡುವ ಬದಲು ಅಕಾಡೆಮಿಯ ಸದಸ್ಯರನ್ನೇ ಒಬ್ಬೊಬ್ಬರಾಗಿ ಎದುರು ಕೂರಿಸಿಕೊಂಡು ಅವರ ಭಾವಚಿತ್ರಗಳನ್ನು ಪೇಸ್ಟಲ್‌ನಲ್ಲಿ ಬರೆದರು. ಚಿತ್ರಕಾರ ವಿಯಾಂ, ಶಿಲ್ಪಿ ಪಾಜೂ, ಬಾಶೆಲಿಯೆ ಮೊದಲಾದವರು ಹಾಗೆ ಕುಳಿತವರು. ಯಾರ ಕೈ ಬರೆಯಿತೆಂಬುದಕ್ಕೆ ತೀರ್ಪು ಕೊಡಬೇಕಾದವರೇ ಸಾಕ್ಷಿಗಳಾದರು. ಪಾಜೂ ತಮ್ಮ ಗುರು ಲೆಮ್ವಾನ್ ಅವರ ಎದೆಮಟ್ಟದ ಪ್ರತಿಮೆಯನ್ನು ಮಣ್ಣಿನಲ್ಲಿ ತಿದ್ದುತ್ತಿರುವ ಚಿತ್ರವನ್ನೇ ಅವರು ಅಕಾಡೆಮಿಗೆ ಪ್ರವೇಶಕೃತಿಯಾಗಿ ಒಪ್ಪಿಸಿದರು. ಅದು ಈಗ ಲೂವ್ರ್‌ನಲ್ಲಿದೆ. ಗಮನಿಸಿ, ಅಲ್ಲಿಯೂ ವಿಷಯ ಗುರು ಮತ್ತು ಶಿಷ್ಯ.

ಮಲಪ್ರಭೆಯವರು ಹೇಳಿದ ಸ್ಯಾಟಿನ್ ವಿಷಯಕ್ಕೆ ಒಂದು ಮಾತು: ಬಟ್ಟೆಯ ಅಂಗಡಿಯ ಮನೆಯಲ್ಲಿ ಬೆಳೆದ ಹುಡುಗಿಗೆ ರೇಷ್ಮೆ ಎಲ್ಲಿ ಮಡಿಚಿಕೊಳ್ಳುತ್ತದೆ, ಎಲ್ಲಿ ಬೆಳಕು ಹಿಡಿಯುತ್ತದೆ ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನ್ಯೂಜೆರ್ಸಿ ಕನ್ನಡತಿ:
ಆ ಚಿತ್ರದ ಎದುರು ನಾನು ಎರಡು ಸಲ ನಿಂತಿದ್ದೇನೆ. ಪುಸ್ತಕದ ಪುಟದಲ್ಲಿ ಕಾಣದ ಸಂಗತಿಯೊಂದು ಅಲ್ಲಿ ಕಾಣುತ್ತದೆ: ಚಿತ್ರದೊಳಗಿನ ಕ್ಯಾನ್ವಾಸಿನ ಬೆನ್ನು ಮಾತ್ರ ನಮ್ಮ ಕಡೆಗಿದೆ, ಅವರು ಏನು ಬರೆಯುತ್ತಿದ್ದಾರೆಂಬುದು ನಮಗೆ ತಿಳಿಯುವುದಿಲ್ಲ. ಒಬ್ಬ ಶಿಷ್ಯೆ ಆ ಕ್ಯಾನ್ವಾಸನ್ನೇ ತದೇಕಚಿತ್ತದಿಂದ ನೋಡುತ್ತಿದ್ದಾಳೆ, ಇನ್ನೊಬ್ಬಳು ನಮ್ಮನ್ನು ನೋಡುತ್ತಿದ್ದಾಳೆ. ಆ ಕೊಠಡಿಯಲ್ಲಿ ಚಿತ್ರವನ್ನು ಕಾಣುವ ಹಕ್ಕು ಇರುವುದು ಕಲಿಯುತ್ತಿರುವವರಿಗೆ ಮಾತ್ರ. ಸಿರಿವಂತರನ್ನು ಒಲಿಸಿಕೊಳ್ಳಲಿಕ್ಕಾಗಿ ಮಾತ್ರ ಬರೆದ ಚಿತ್ರವಾಗಿದ್ದರೆ ಇಷ್ಟು ಜಾಗವನ್ನು, ಇಷ್ಟು ಬೆಳಕನ್ನು ಆ ಇಬ್ಬರಿಗೆ ಕೊಡಬೇಕಾಗಿರಲಿಲ್ಲವೆಂದು ನನಗನ್ನಿಸಿತು. ಹಿನ್ನೆಲೆಯ ನೆರಳಿನಲ್ಲಿ ಪಾಜೂ ಕಡೆದ, ಲಬೀಯ್-ಗಿಯಾರ್ ಅವರ ತಂದೆಯ ಪ್ರತಿಮೆಯೂ, ಪ್ರಾಚೀನ ರೋಮಿನ ವೆಸ್ಟಾ ದೇವತೆಯ ಕನ್ಯಾಪೂಜಾರಿಣಿಯ ಪ್ರತಿಮೆಯೂ ಇವೆ.

ಇತಿಹಾಸಾಸಕ್ತ:
ಆ ಪೂಜಾರಿಣಿಯ ಪ್ರತಿಮೆ ಅಲ್ಲಿ ಏಕಿದೆ ಎಂಬುದನ್ನು 1783ರ ಘಟನೆಯೊಂದಿಗೆ ಸೇರಿಸಿ ನೋಡಬೇಕು. ಅವರು ಸದಸ್ಯೆಯಾಗಿ ಮೊದಲ ಸಲ ಸಲೋನ್‌ನಲ್ಲಿ ಚಿತ್ರಗಳನ್ನು ಇಟ್ಟಾಗ ಹೆಸರಿಲ್ಲದ ಕರಪತ್ರವೊಂದು ಹೊರಬಿತ್ತು. ಅದರಲ್ಲಿ ಅವರ ಶೀಲದ ಮೇಲೆ ಹೊಲಸು ಮಾತುಗಳಿದ್ದವು. ವ್ಯಾನ್ಸಾಂ ಎಂಬ ಹೆಸರನ್ನು ಉಚ್ಚರಿಸಿದರೆ ಫ್ರೆಂಚ್ ಭಾಷೆಯಲ್ಲಿ ‘ಇಪ್ಪತ್ತು ನೂರು’ ಎಂಬಂತೆಯೂ ಕೇಳಿಸುತ್ತದೆ. ಆ ಶ್ಲೇಷೆಯನ್ನು ಹಿಡಿದುಕೊಂಡು ಅವರಿಗೆ ಎರಡು ಸಾವಿರ ಪ್ರಿಯಕರರಿದ್ದಾರೆಂದು ಬರೆಯಲಾಗಿತ್ತು. ಅವರು ಕಲಾ ಇಲಾಖೆಯ ಮುಖ್ಯಾಧಿಕಾರಿ ಕೌಂಟ್ ದಾಂಜಿವಿಯೆ ಅವರ ಪತ್ನಿಗೆ ಪತ್ರ ಬರೆದು ಆ ಕರಪತ್ರವನ್ನು ತಡೆಯಬೇಕೆಂದು ಕೇಳಿಕೊಂಡರು. ಕಲೆಯನ್ನು ಟೀಕಿಸುವುದಾದರೆ ಅದಕ್ಕೆ ಸಿದ್ಧಳಿದ್ದೇನೆ, ಶೀಲದ ಮೇಲಿನ ದಾಳಿಯನ್ನು ಹೇಗೆ ಎದುರಿಸಲಿ ಎಂಬುದು ಆ ಪತ್ರದ ಅಳಲು. ತಂದೆಗೂ ಅದು ನೋವು ತರುತ್ತದೆಂಬ ಚಿಂತೆ ಅವರದಾಗಿತ್ತು. ಎರಡು ವರ್ಷಗಳ ನಂತರದ ಚಿತ್ರದಲ್ಲಿ ತಂದೆಯ ಮುಖವೂ ಕನ್ಯಾಪೂಜಾರಿಣಿಯ ಮೂರ್ತಿಯೂ ಒಟ್ಟಿಗೆ ನಿಂತಿರುವುದು ಆಕಸ್ಮಿಕವಲ್ಲವೆಂದು ನಾನು ನಂಬುತ್ತೇನೆ. ತಮ್ಮ ಮನೆಗೆ ಹೆಣ್ಣುಮಕ್ಕಳನ್ನು ಕಲಿಯಲು ಕಳುಹಿಸುವ ತಾಯ್ತಂದೆಯರಿಗೂ ಅವರು ಏನೋ ಹೇಳಬೇಕಾಗಿತ್ತು.

ಈಗ ನಾಲ್ಕು ಸ್ಥಾನಗಳ ವಿಷಯ. ಆ ನಾಲ್ವರ ಆಯುಷ್ಯವನ್ನು ಲೆಕ್ಕ ಹಾಕಿ ನೋಡಿದರೆ ಮನಸ್ಸು ಭಾರವಾಗುತ್ತದೆ. ಅಕಾಡೆಮಿಯನ್ನು ರದ್ದುಮಾಡಿದ 1793ರ ಆಗಸ್ಟ್ ತಿಂಗಳವರೆಗೆ ಅವರಲ್ಲಿ ಯಾರೂ ತೀರಿಕೊಳ್ಳಲಿಲ್ಲ, ಒಂದು ಸ್ಥಾನವೂ ತೆರವಾಗಲಿಲ್ಲ. ವಲಾಯೆ-ಕೊಸ್ಟೆರ್ 1818ರವರೆಗೆ, ವಿಜೇ ಲ ಬ್ರನ್ 1842ರವರೆಗೆ ಬದುಕಿದರು. ರೆಬೂಲ್ ವಿಯಾಂ ಕೂಡ ಲಬೀಯ್-ಗಿಯಾರ್ ಅವರಿಗಿಂತ ಹೆಚ್ಚು ಕಾಲ ಇದ್ದರು. ನಾಲ್ವರಲ್ಲಿ ಮೊದಲು ಹೋದವರು ಲಬೀಯ್-ಗಿಯಾರ್, 1803ರ ಏಪ್ರಿಲ್‌ನಲ್ಲಿ. ಹಳೆಯ ಅಕಾಡೆಮಿಯೂ ಅದರ ಮಿತಿಯೂ ಹಾಗೆಯೇ ಉಳಿದಿದ್ದರೆ ಕಾಪೆ ಅವರಿಗೆ ಜಾಗ ಸಿಗಲು ಅವರ ಗುರುವೇ ಸಾಯಬೇಕಾಗಿತ್ತು.

ಮಲಪ್ರಭೆಯ ದಂಡೆ:
ಇತಿಹಾಸಾಸಕ್ತರೇ, ಈ ಲೆಕ್ಕ ನನಗೆ ಹೊಳೆದಿರಲಿಲ್ಲ. ಮನವಿಪತ್ರವೆಂಬ ಮಾತಿಗೆ ನನ್ನ ಆಕ್ಷೇಪವನ್ನು ಅರ್ಧ ಹಿಂತೆಗೆದುಕೊಳ್ಳುತ್ತೇನೆ. ಉಳಿದರ್ಧಕ್ಕೆ ಒಂದು ಪ್ರಶ್ನೆ: ಚಿತ್ರದಲ್ಲಿ ಸೂಚಿಸಿದ್ದನ್ನು ಅವರು ಎಂದಾದರೂ ಬಾಯಿಬಿಟ್ಟು ಹೇಳಿದ್ದುಂಟೇ?

ಇತಿಹಾಸಾಸಕ್ತ:
ಉಂಟು. 1790ರ ಸೆಪ್ಟೆಂಬರ್ 23ರಂದು ಅಕಾಡೆಮಿಯ ಸಭೆಯಲ್ಲಿ ಅವರು ಎದ್ದು ಮಾತನಾಡಿದರು. ಅವರ ಪಕ್ಕದಲ್ಲೇ ಕುಳಿತಿದ್ದ ಕೆತ್ತನೆಗಾರ ಯೋಹಾನ್ ಗೇಯಾರ್ಗ್ ವಿಲ್ಲೆ ತಮ್ಮ ದಿನಚರಿಯಲ್ಲಿ ಅದನ್ನು ದಾಖಲಿಸಿದ್ದಾರೆ. ಹೆಂಗಸರ ಪ್ರವೇಶಕ್ಕೆ ಯಾವ ಸಂಖ್ಯೆಯ ಮಿತಿಯೂ ಇರಕೂಡದು ಎಂಬುದು ಅವರ ವಾದದ ತಿರುಳು. ಸಭೆ ಅದನ್ನು ಒಪ್ಪಿತು. ಆದರೆ ಫ್ರೆಂಚ್ ಕ್ರಾಂತಿಯ ಆ ದಿನಗಳಲ್ಲಿ ಅಕಾಡೆಮಿಯೇ ಒಡೆದ ಮನೆಯಾಗಿತ್ತು. ಹಿರಿಯ ಅಧಿಕಾರಿಗಳ ಬಣ ಒಂದು ಕಡೆ, ಸುಧಾರಣೆ ಬೇಕೆನ್ನುವವರ ಬಣ ಇನ್ನೊಂದು ಕಡೆ. ಒಪ್ಪಿದ ನಿರ್ಣಯ ಜಾರಿಗೆ ಬರಲಿಲ್ಲ. ಮೂರು ವರ್ಷಗಳಲ್ಲಿ ಸಂಸ್ಥೆಯೇ ಇಲ್ಲವಾಯಿತು, ಅದರ ಜಾಗಕ್ಕೆ ಬಂದ ಗಣರಾಜ್ಯದ ಕಲಾವಿದರ ಸಂಘ ಹೆಂಗಸರನ್ನು ಸೇರಿಸಿಕೊಳ್ಳುವುದೇ ಇಲ್ಲವೆಂದಿತು. ನಾಲ್ಕು ಇದ್ದದ್ದು ಸೊನ್ನೆಯಾಯಿತು.

ಹಾಸನದ ಡ್ರಾಯಿಂಗ್ ಟೀಚರ್:
ಈ ಚರ್ಚೆಯನ್ನು ಮೊದಲಿನಿಂದ ಓದುತ್ತಿದ್ದೇನೆ. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಚಿತ್ರಕಲೆ ಕಲಿಸಿದವಳಾಗಿ ನನ್ನನ್ನು ಬಹಳ ತಟ್ಟಿದ್ದು ಅವರಿಗೆ ಲೂವ್ರ್‌ನಲ್ಲಿ ವಸತಿ ಸಿಗದೆ ಹೋದ ಪ್ರಸಂಗ. ಅದನ್ನು ಯಾರೂ ಎತ್ತಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಅಕಾಡೆಮಿಯ ಹೆಸರಾಂತ ಸದಸ್ಯರಿಗೆ ರಾಜನು ಲೂವ್ರ್‌ನಲ್ಲಿ ಬಾಡಿಗೆಯಿಲ್ಲದ ವಾಸದ ಮನೆ ಮತ್ತು ಕೆಲಸದ ಕೊಠಡಿ ಕೊಡುವ ಪದ್ಧತಿಯಿತ್ತು. ಲಬೀಯ್-ಗಿಯಾರ್ ಕೂಡ ಅದನ್ನು ಕೇಳಿದರು. ದಾಂಜಿವಿಯೆ ಈಕೆಯ ಪ್ರತಿಭೆಯನ್ನು ಅಲ್ಲಗಳೆಯಲಿಲ್ಲ. ಅವರ ಅಡ್ಡಿಯೆಲ್ಲ ಶಿಷ್ಯೆಯರ ಬಗ್ಗೆ: ಈಕೆ ಹುಡುಗಿಯರ ಶಾಲೆ ನಡೆಸುತ್ತಾರೆ, ಲೂವ್ರ್‌ನ ಓಣಿಗಳು ಉದ್ದವಾಗಿವೆ, ಬಹಳ ಕಡೆ ಕತ್ತಲು, ಅಲ್ಲಿ ಹುಡುಗರೂ ಹುಡುಗಿಯರೂ ಓಡಾಡುವುದು ಸಭ್ಯತೆಗೆ ತಕ್ಕುದಲ್ಲ. ವಸತಿಯ ಬದಲು ವರ್ಷಕ್ಕೆ 1,000 ಲಿವ್ರ್ (ಆಗಿನ ಫ್ರೆಂಚ್ ಹಣ) ಪಿಂಚಣಿ ಕೊಡಿಸಿದರು. ಶಿಷ್ಯೆಯರನ್ನು ಬಿಟ್ಟಿದ್ದರೆ ಬಹುಶಃ ಮನೆ ಸಿಗುತ್ತಿತ್ತು, ಅವರು ಬಿಡಲಿಲ್ಲ. ಓಣಿ ಕತ್ತಲಾಗಿದ್ದರೆ ದೀಪ ಹಚ್ಚಬಹುದಿತ್ತಲ್ಲ ಎಂದು ಓದುವಾಗ ನನಗೆ ಸಿಟ್ಟು ಬಂತು. ಮುಂದೆ 1787ರಲ್ಲಿ ಲೂವ್ರ್‌ನಲ್ಲಿ ಹುಡುಗಿಯರಿಗೆ ಪಾಠ ಹೇಳುತ್ತಿದ್ದ ಚಿತ್ರಕಾರ ಜಾಕ್-ಲೂಯಿ ದವೀದ್ ಅವರಿಗೂ ಅದೇ ಅಧಿಕಾರಿ ಎಚ್ಚರಿಕೆ ಕೊಟ್ಟರು, ಆದರೆ ದವೀದ್ ಅವರ ಲೂವ್ರ್ ವಸತಿ ಹೋಗಲಿಲ್ಲ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ಹೆಣ್ಣುಮಕ್ಕಳಿಗೆ ಗ್ರೇಡ್ ಪರೀಕ್ಷೆಯ ತಯಾರಿ ಮಾಡಿಸುತ್ತೇನೆಂದು ಕೇಳಿದಾಗ, ಕತ್ತಲಾಗುತ್ತದೆ, ಜವಾಬ್ದಾರಿ ಯಾರದು ಎಂಬ ಉತ್ತರ ಬಂದಿತ್ತು. ಹಾಗಾಗಿ ದಾಂಜಿವಿಯೆ ಅವರ ಅಡ್ಡಿಯ ಭಾಷೆ ನನಗೆ ಅಪರಿಚಿತವೆನ್ನಿಸಲಿಲ್ಲ.

ಇನ್ನೊಂದು ಸಂಗತಿ. ಲಿಯೋನ್ ನಗರದಲ್ಲಿ ಮನೆಗೆಲಸದವರ ಮಗಳಾಗಿ ಹುಟ್ಟಿದ ಕಾಪೆ ಪ್ಯಾರಿಸ್ಸಿಗೆ ಬಂದು ಶಿಷ್ಯೆಯಾಗಿ, ಕೊನೆಗೆ ಗುರುವಿನ ಮನೆಯ ಮಗಳಂತೆಯೇ ಉಳಿದರು. ಹುಟ್ಟನ್ನು ನೋಡದೆ ಕೈಯನ್ನು ನೋಡಿ ಶಿಷ್ಯೆಯನ್ನು ಆರಿಸಿಕೊಂಡ ಗುರು ಅವರು. 1791ರಲ್ಲಿ ಶಿಕ್ಷಣದ ಕುರಿತು ರಾಜಕಾರಣಿ ತಾಲೆರಾಂ ರಾಷ್ಟ್ರೀಯ ಸಭೆಗೆ ವರದಿ ಒಪ್ಪಿಸಿದಾಗ, ಬಡ ಹುಡುಗಿಯರಿಗೆ ದುಡಿಮೆಗೆ ದಾರಿಯಾಗುವ ವಿದ್ಯೆ ಕಲಿಸುವ ಬಗ್ಗೆ ಲಬೀಯ್-ಗಿಯಾರ್ ಬರೆದುಕೊಟ್ಟ ಯೋಜನೆಯನ್ನು ಅದರಲ್ಲಿ ನೆನೆದಿದ್ದಾರೆ.

ಬಣ್ಣದ ಕಡ್ಡಿ:
ಟೀಚರ್, ನಿಮ್ಮ ಬರಹಕ್ಕೆ ಕೃತಜ್ಞತೆಗಳು. ಒಂದು ಕಡೆ ಮಾತ್ರ ನನಗೆ ಅವರ ಬಗ್ಗೆ ಅಸಮಾಧಾನವಿದೆ, ಅದನ್ನು ಮುಚ್ಚಿಡಬಾರದು. 1790ರ ಅದೇ ಸಭೆಯಲ್ಲಿ ಅವರು ಹೆಂಗಸರಿಗೆ ಅಕಾಡೆಮಿಯ ಆಡಳಿತದಲ್ಲಿ ಪಾಲು ಕೇಳಲಿಲ್ಲ, ಗೌರವದ ಸ್ಥಾನಗಳನ್ನು ಮಾತ್ರ ಕೇಳಿದರು. ಇಷ್ಟು ವರ್ಷ ಶಾಲೆ ನಡೆಸಿದವರು ಅಕಾಡೆಮಿಯಲ್ಲಿ ಕಲಿಸುವ ಅಧಿಕಾರವನ್ನೇಕೆ ಕೇಳಲಿಲ್ಲ?

ಪಟದರ್ಶಿ:
ಸಿಗುವುದನ್ನು ಮೊದಲು ಪಡೆಯೋಣವೆಂಬ ಲೆಕ್ಕ ಅದಾಗಿರಬೇಕೆಂದು ನನ್ನ ಊಹೆ. ಬಾಗಿಲು ತೆರೆದರೆ ಒಳಗೆ ಬಂದ ಹತ್ತಾರು ಹೆಂಗಸರು ಮುಂದಿನದನ್ನು ತಾವೇ ಕೇಳಿಯಾರು. ಆದರೂ ನಿಮ್ಮ ಅಸಮಾಧಾನ ನ್ಯಾಯವಾದದ್ದು. ಪ್ಯಾರಿಸ್ಸಿನ ಸರ್ಕಾರಿ ಕಲಾಶಾಲೆ ವಿದ್ಯಾರ್ಥಿನಿಯರಿಗೆ ಬಾಗಿಲು ತೆರೆದದ್ದೇ 1897ರಲ್ಲಿ ಎಂಬುದನ್ನು ನೆನೆದರೆ, ಅಂದು ಕೇಳದೆ ಬಿಟ್ಟದ್ದರ ಬೆಲೆ ದೊಡ್ಡದು.

ಕ್ರಾಂತಿಯು ಅವರಿಗೆ ಕೊಟ್ಟದ್ದಕ್ಕಿಂತ ಕಸಿದದ್ದೇ ಹೆಚ್ಚು. 1787ರಲ್ಲಿ ಅವರು ರಾಜನ ಸೋದರತ್ತೆಯಂದಿರ ಅಧಿಕೃತ ಚಿತ್ರಕಾರ್ತಿಯಾಗಿದ್ದರು. ಆ ವರ್ಷ ಬರೆದ, ಆ ಅತ್ತೆಯಂದಿರಲ್ಲೊಬ್ಬರಾದ ಮದಾಂ ಅದೆಲಾಯ್ದ್ ಅವರ ಆಳೆತ್ತರದ ಚಿತ್ರ ಇಂದಿಗೂ ವರ್ಸಾಯ್ ಅರಮನೆಯಲ್ಲಿದೆ. ಆಮೇಲೆ ರಾಜನ ತಮ್ಮ, ಪ್ರೊವಾಂಸ್‌ನ ಕೌಂಟ್, ತನ್ನ ಕೈಯಿಂದ ಸಂತ ಲಾಜರನ ಹೆಸರಿನ ವೀರರ ಪಂಗಡಕ್ಕೆ ವೀರನೊಬ್ಬನನ್ನು ಸೇರಿಸಿಕೊಳ್ಳುವ ಸಮಾರಂಭದ ಭಾರಿ ಚಿತ್ರಕ್ಕೆ ಹೇಳಿದನು. ಹಲವು ವ್ಯಕ್ತಿಗಳಿರುವ ಇಂಥ ದೊಡ್ಡ ಸಂಯೋಜನೆ ಹೆಂಗಸರಿಗೆ ದಕ್ಕುತ್ತಿರಲಿಲ್ಲ. ಭಾವಚಿತ್ರಕ್ಕಿಂತ ಮೇಲಿನ ದರ್ಜೆಯ ಇತಿಹಾಸಚಿತ್ರಕ್ಕೆ ಅದೇ ಮೆಟ್ಟಿಲು. ಅವರು ವರ್ಷಗಳನ್ನೇ ಅದಕ್ಕೆ ಸುರಿದರು. 1791ರಲ್ಲಿ ಕೌಂಟ್ ದೇಶ ಬಿಟ್ಟು ಓಡಿದನು, 30,000 ಲಿವ್ರ್‌ಗಳ ಮಾತು ಮಾತಾಗಿಯೇ ಉಳಿಯಿತು. 1793ರ ಆಗಸ್ಟ್ 11ರಂದು ಆ ಚಿತ್ರವನ್ನೂ ಅದರ ಅಭ್ಯಾಸಚಿತ್ರಗಳನ್ನೂ ನಾಶಪಡಿಸಲು ಒಪ್ಪಿಸಬೇಕೆಂದು ಆಜ್ಞೆಯಾಯಿತು. ಅದಕ್ಕೆ ಎರಡು ವರ್ಷ ಮೊದಲು, 1791ರ ಸಲೋನ್‌ನಲ್ಲಿ, ರೋಬೆಸ್ಪಿಯರ್ ಸೇರಿದಂತೆ ರಾಷ್ಟ್ರೀಯ ಸಭೆಯ ಹಲವು ಪ್ರತಿನಿಧಿಗಳ ಭಾವಚಿತ್ರಗಳನ್ನು ಅವರು ಪ್ರದರ್ಶಿಸಿದ್ದರು. ವಿಜೇ ಲ ಬ್ರನ್ ಅವರಂತೆ ದೇಶ ಬಿಟ್ಟು ಹೋಗಲೂ ಇಲ್ಲ. ವ್ಯಾನ್ಸಾಂ ಮತ್ತು ಕಾಪೆ ಅವರೊಂದಿಗೆ ಪ್ಯಾರಿಸ್ಸಿನ ಹೊರಗೆ ಪೊಂತೊ ಎಂಬ ಹಳ್ಳಿಯ ಮನೆಯಲ್ಲಿ ಕಷ್ಟದ ಕಾಲ ಕಳೆದರು. ಹೊಸ ಕಾನೂನಿನಡಿ 1793ರಲ್ಲಿ ವಿಚ್ಛೇದನ ದೊರೆಯಿತು. ಕೆಲವು ವರ್ಷಗಳ ಮೇಲೆ ವ್ಯಾನ್ಸಾಂ ಅವರನ್ನು ಮದುವೆಯಾದರು. ಟೀಚರ್ ಹೇಳಿದ ಲೂವ್ರ್ ವಸತಿ ಕೊನೆಗೂ 1795ರಲ್ಲಿ ಸಿಕ್ಕಿತು, 2,000 ಲಿವ್ರ್ ಪಿಂಚಣಿಯ ಸಮೇತ.

ಗುರು ಎಂಬ ಮಾತಿನಿಂದ ಚರ್ಚೆ ಆರಂಭಿಸಿದೆ; ಕಾಪೆ 1808ರ ಸಲೋನ್‌ನಲ್ಲಿ ಇಟ್ಟ, ಈಗ ಮ್ಯೂನಿಕ್‌ನಲ್ಲಿರುವ ಚಿತ್ರವನ್ನು ಎಲ್ಲರೂ ಒಮ್ಮೆ ಹುಡುಕಿ ನೋಡಿರೆಂದು ಕೋರುತ್ತೇನೆ. ಲಬೀಯ್-ಗಿಯಾರ್ ತೀರಿಕೊಂಡು ಆಗ ಐದು ವರ್ಷ. ಚಿತ್ರದಲ್ಲಿ ಅವರು ಈಸೆಲ್ ಮುಂದೆ ಕುಳಿತು ವೃದ್ಧ ವಿಯಾಂ ಅವರ ಭಾವಚಿತ್ರ ಬರೆಯುತ್ತಿದ್ದಾರೆ. ವಿಯಾಂ ಎಂದರೆ ವ್ಯಾನ್ಸಾಂ ಅವರ ಗುರು, ಹಿಂದೆ ಲಬೀಯ್-ಗಿಯಾರ್ ಅವರ ಪೇಸ್ಟಲ್‌ಗೆ ಸಾಕ್ಷಿಯಾಗಿ ಕುಳಿತವರು, 1790ರಲ್ಲಿ ಅಕಾಡೆಮಿಯ ಮುಖ್ಯಸ್ಥರಾಗಿದ್ದವರು. ಪಕ್ಕದಲ್ಲಿ ವ್ಯಾನ್ಸಾಂ ನಿಂತಿದ್ದಾರೆ, ಸುತ್ತ ಶಿಷ್ಯರು ನೆರೆದಿದ್ದಾರೆ. ಮೂರು ತಲೆಮಾರಿನ ಗುರುಪರಂಪರೆ ಒಂದೇ ಕೋಣೆಯಲ್ಲಿದೆ. ನಾಲ್ಕನೆಯ ತಲೆಮಾರಾದ ಕಾಪೆ ಗುರುವಿನ ಬಳಿಯೇ ಕುಳಿತು, ಅವರ ಪ್ಯಾಲೆಟ್ಟಿಗೆ ಬಣ್ಣ ಸಿದ್ಧಪಡಿಸುತ್ತ, ತಲೆಯೆತ್ತಿ ನಮ್ಮನ್ನು ನೋಡುತ್ತಿದ್ದಾರೆ.